ವೃಷಣದ ಗಂಟು: ಗುರುತು, ಕಾರಣ ಮತ್ತು ತಪಾಸಣೆಯ ಹೊತ್ತು

ವೃಷಣಚೀಲದಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಬಾವು, ಹಿಗ್ಗಿದ ರಕ್ತನಾಳ, ಸಣ್ಣ ನೀರುಗುಳ್ಳೆ, ಸೋಂಕಿನ ಊತ, ತೊಡೆಸಂದಿನಿಂದ ಇಳಿದ ಹರ್ನಿಯಾ, ಚರ್ಮದ ಗುಳ್ಳೆ ಇವೇ ಅವುಗಳಲ್ಲಿ ಬಹುಪಾಲು. ಆದರೆ ಯಾವುದು ಅಪಾಯದ್ದು, ಯಾವುದು ಅಲ್ಲ ಎಂಬುದನ್ನು ನೋವಿನ ಮೇಲೆ ತೀರ್ಮಾನಿಸುವಂತಿಲ್ಲ. ವೃಷಣದ ಕ್ಯಾನ್ಸರ್ ಸಾಮಾನ್ಯವಾಗಿ ನೋವಿಲ್ಲದೆಯೇ ಬೆಳೆಯುತ್ತದೆ. ಕ್ಯಾನ್ಸರ್‌ಗೆ ಸಂಬಂಧವೇ ಇಲ್ಲದ ವೃಷಣದ ತಿರುಚು ಮಾತ್ರ ಸಹಿಸಲಾಗದ ನೋವು ಕೊಟ್ಟು, ಕೆಲವೇ ಗಂಟೆಗಳಲ್ಲಿ ಆ ಅಂಗವನ್ನೇ ಕಳೆಯುತ್ತದೆ. ನೋವಿದ್ದರೆ ಗಂಟೆಗಳ ಲೆಕ್ಕದಲ್ಲಿ, ನೋವಿಲ್ಲದಿದ್ದರೆ ದಿನಗಳ ಲೆಕ್ಕದಲ್ಲಿ ವೈದ್ಯರನ್ನು ಕಾಣಬೇಕು. ತಿಂಗಳುಗಟ್ಟಲೆ ಕಾಯುವುದು ಯಾವ ಗಂಟಿಗೂ ಸಲ್ಲದು. ಈ ವಿಷಯದಲ್ಲಿ ಜನಸಾಮಾನ್ಯರು ತಿಳಿದಿರಬೇಕಾದ ಮುಖ್ಯ ಸಂಗತಿ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಅಂಗದ ರಚನೆ

ಭ್ರೂಣದಲ್ಲಿ ವೃಷಣಗಳು ಮೂಡುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅವು ತೊಡೆಸಂದಿನ ಮೂಲಕ ಚೀಲಕ್ಕೆ ಇಳಿಯುತ್ತವೆ. ವೀರ್ಯಾಣುಗಳ ಉತ್ಪತ್ತಿಗೆ ದೇಹದ ಒಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಶಾಖ ಬೇಕಾಗಿರುವುದರಿಂದ ಚೀಲ ದೇಹದ ಹೊರಗಿದೆ. ಇಳಿದು ಬಂದರೂ ವೃಷಣದ ರಕ್ತನಾಳಗಳ ಮತ್ತು ದುಗ್ಧನಾಳಗಳ ಬೇರು ಹೊಟ್ಟೆಯ ಹಿಂಭಾಗದಲ್ಲೇ ಉಳಿಯುತ್ತದೆ. ಹೀಗಾಗಿ ವೃಷಣದ ಕ್ಯಾನ್ಸರ್ ಮೊದಲು ಹರಡುವುದು ತೊಡೆಸಂದಿನ ಗ್ರಂಥಿಗಳಿಗಲ್ಲ, ಬೆನ್ನುಮೂಳೆಯ ಮುಂದೆ ಮಹಾಧಮನಿಯ ಬಳಿಯಿರುವ ಗ್ರಂಥಿಗಳಿಗೆ. ಎಡ ಮೂತ್ರಪಿಂಡದ ಗಡ್ಡೆಯೊಂದು ಕೆಳಗೆ ವೃಷಣದ ರಕ್ತನಾಳವನ್ನು ಹಿಗ್ಗಿಸುವುದುಂಟು. ಮೂತ್ರಪಿಂಡದ ಕಲ್ಲಿನ ನೋವು ವೃಷಣಕ್ಕೆ ಇಳಿಯುವುದಕ್ಕೂ ಈ ಮೂಲ ಸಂಬಂಧವೇ ಕಾರಣ.

ವಯಸ್ಕರಲ್ಲಿ ವೃಷಣ ಸುಮಾರು 4ರಿಂದ 5 ಸೆಂಟಿಮೀಟರ್ ಉದ್ದ. ಮುಟ್ಟಿದರೆ ನಯವಾಗಿ, ಗಟ್ಟಿಯೂ ಅಲ್ಲದೆ ಮೆತ್ತಗೂ ಅಲ್ಲದೆ ಇರುತ್ತದೆ. ಎರಡರಲ್ಲಿ ಒಂದು, ಹೆಚ್ಚಾಗಿ ಎಡಗಡೆಯದು, ಸ್ವಲ್ಪ ಕೆಳಗೆ ತೂಗುವುದು ಸಹಜ; ಗಾತ್ರದಲ್ಲಿ ಅಲ್ಪ ವ್ಯತ್ಯಾಸವೂ ಸಹಜವೇ. ಹಿಂಬದಿಗೆ ಅಂಟಿಕೊಂಡು ಎಪಿಡಿಡಿಮಿಸ್ ಎಂಬ ಮೆತ್ತನೆಯ ಪಟ್ಟಿ ಇದೆ. ಬಿಡಿಸಿದರೆ ಸುಮಾರು 6 ಮೀಟರ್ ಉದ್ದವಾಗುವ ಒಂದೇ ಕೊಳವೆ ಅಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ಮೊದಲ ಸಲ ತಡವಿ ನೋಡಿಕೊಂಡ ಯುವಕರು ಗಂಟೆಂದು ಗಾಬರಿಯಾಗುವುದು ಹೆಚ್ಚಾಗಿ ಈ ಸಹಜ ಭಾಗವನ್ನೇ ಮುಟ್ಟಿ. ವೃಷಣದ ಮುಂದೆ ಮತ್ತು ಬದಿಗಳಲ್ಲಿ ಎರಡು ಪದರಗಳ ತೆಳು ಪೊರೆಯಿದೆ. ನೀರು ತುಂಬುವುದು ಆ ಪದರಗಳ ನಡುವೆ.

ವೈದ್ಯರ ಮೂರು ಪ್ರಶ್ನೆಗಳು

ಚೀಲದ ಯಾವುದೇ ಬಾವನ್ನು ಪರೀಕ್ಷಿಸುವಾಗ ವೈದ್ಯರು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ. ಮೊದಲನೆಯದು, ಬಾವಿನ ಮೇಲಂಚು ಸಿಗುತ್ತದೆಯೇ ಎಂಬುದು. ಚೀಲದ ಬುಡದಲ್ಲಿ ಹೆಬ್ಬೆರಳು, ತೋರುಬೆರಳುಗಳನ್ನು ಕೂಡಿಸಿದಾಗ ನಡುವೆ ವೃಷಣ ತೂಗುವ ಹುರಿ ಮಾತ್ರ ಸಿಕ್ಕರೆ ಬಾವು ಚೀಲದ್ದೇ. ಮೇಲಂಚು ಸಿಗದೆ ಬಾವು ತೊಡೆಸಂದಿನೊಳಗೆ ಮುಂದುವರಿದಿದ್ದರೆ, ಕೆಮ್ಮಿದಾಗ ಅದು ಬೆರಳಿಗೆ ಒತ್ತಿದರೆ, ಅದು ಹರ್ನಿಯಾ. ಎರಡನೆಯದು, ಗಂಟು ವೃಷಣದಲ್ಲೇ ಇದೆಯೇ, ಅದರಿಂದ ಬೇರೆಯಾಗಿದೆಯೇ ಎಂಬುದು. ಬೇರೆಯಾಗಿರುವ ಗಂಟುಗಳು ಬಹುಮಟ್ಟಿಗೆ ನಿರಪಾಯ; ವೃಷಣದ ಮೈಯಲ್ಲೇ ಇರುವ ಗಟ್ಟಿ ಗಂಟನ್ನು ಬೇರೆ ಎಂದು ರುಜುವಾತಾಗುವವರೆಗೆ ಕ್ಯಾನ್ಸರ್ ಎಂದೇ ಎಣಿಸಬೇಕು.

ಬಾವಿನೊಳಗೆ ಇರುವುದು ನೀರೇ ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಟಾರ್ಚಿನದು. ಕೋಣೆಯ ದೀಪ ಆರಿಸಿ, ಬಾವಿನ ಹಿಂದೆ ಟಾರ್ಚಿನ ಬೆಳಕು ಹಿಡಿದಾಗ ತಿಳಿನೀರು ತುಂಬಿದ್ದರೆ ಇಡೀ ಬಾವು ಕೆಂಪಗೆ ಬೆಳಗುತ್ತದೆ. ಅದರೊಳಗೆ ವೃಷಣದ ನೆರಳು ಮಾತ್ರ ಕಪ್ಪಾಗಿ ಕಾಣುತ್ತದೆ. ಗಟ್ಟಿ ಗಡ್ಡೆ, ರಕ್ತ, ಕೀವು ಇದ್ದರೆ ಬೆಳಕು ಹಾಯುವುದಿಲ್ಲ. ಆದರೆ ಈ ಪರೀಕ್ಷೆಗೂ ಮಿತಿಯಿದೆ. ಹಸುಳೆಗಳ ಹರ್ನಿಯಾದಲ್ಲಿ ಕರುಳೂ ಬೆಳಗಬಹುದು. ದಪ್ಪ ಪೊರೆಯ ಹಳೆಯ ನೀರುಬಾವು ಬೆಳಗದೆ ಇರಬಹುದು. ಬೆಳಗಿದ ನೀರಿನ ಹಿಂದೆ ಗಡ್ಡೆಯೂ ಅಡಗಿರಬಹುದು. ಯುವಕರಲ್ಲಿ ಕಾರಣವಿಲ್ಲದೆ ಹೊಸದಾಗಿ ನೀರು ತುಂಬಿದರೆ ಸ್ಕ್ಯಾನಿಂಗ್ ಮಾಡಿಸಲೇಬೇಕಾದದ್ದು ಈ ಕಾರಣಕ್ಕೆ.

ನೀರು ತುಂಬಿದ ಬಾವು

ಹೈಡ್ರೋಸೀಲ್ ಎಂದು ಕರೆಯುವ ನೀರುಬಾವು ಶಸ್ತ್ರಚಿಕಿತ್ಸೆಯ ಇತಿಹಾಸದಷ್ಟೇ ಹಳೆಯದು. ಸುಶ್ರುತ ಸಂಹಿತೆ ಇದನ್ನು ಮೂತ್ರವೃದ್ಧಿ ಎಂದು ಕರೆದು, ವ್ರೀಹಿಮುಖವೆಂಬ ಮೊನೆಯುಳ್ಳ ಶಸ್ತ್ರದಿಂದ ಚುಚ್ಚಿ ನಳಿಕೆಯ ಮೂಲಕ ನೀರು ಹರಿಸುವ ಕ್ರಮವನ್ನು ಹೇಳುತ್ತದೆ. ನವಜಾತ ಗಂಡುಮಕ್ಕಳಲ್ಲಿ ಹೊಟ್ಟೆಯಿಂದ ಚೀಲಕ್ಕೆ ಬರುವ ದಾರಿ ಪೂರ್ತಿ ಮುಚ್ಚದೆ ನೀರು ಇಳಿಯುವುದುಂಟು. ಬಹುತೇಕ ಮಕ್ಕಳಲ್ಲಿ ಒಂದೆರಡು ವರ್ಷದೊಳಗೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ವಯಸ್ಕರಲ್ಲಿ ಪೆಟ್ಟು, ಸೋಂಕು, ಗಡ್ಡೆ ಕಾರಣವಾಗಬಹುದು. ಅನೇಕ ವೇಳೆ ಕಾರಣವೇ ಸಿಗುವುದಿಲ್ಲ.

ಭಾರತದಲ್ಲಿ ಇನ್ನೊಂದು ದೊಡ್ಡ ಕಾರಣ ಆನೆಕಾಲು ರೋಗದ ಹುಳು. ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಈ ಹುಳುವನ್ನು ಕ್ಯೂಲೆಕ್ಸ್ ಸೊಳ್ಳೆ ಹರಡುತ್ತದೆ. ಪುರುಷರಲ್ಲಿ ಬೆಳೆದ ಹುಳುಗಳು ವೃಷಣದ ಹುರಿಯ ದುಗ್ಧನಾಳಗಳಲ್ಲಿ ಬೀಡುಬಿಡುವುದು ಹೆಚ್ಚು. ಸ್ಕ್ಯಾನಿಂಗ್ ಪರದೆಯ ಮೇಲೆ ಜೀವಂತ ಹುಳುಗಳ ಬಿಡದ ಓಲಾಟ ಕಣ್ಣಿಗೇ ಕಾಣುತ್ತದೆ. ವೈದ್ಯರು ಅದನ್ನು ಫೈಲೇರಿಯಾ ಹುಳುವಿನ ಕುಣಿತ ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಮೊದಲಾದ ಈಶಾನ್ಯದ ಜಿಲ್ಲೆಗಳಲ್ಲೂ ಕರಾವಳಿಯಲ್ಲೂ ಈ ರೋಗದ ನೆಲೆಗಳಿವೆ. ರೋಗ ಹರಡುವುದನ್ನು ತಡೆಯಲು ಸರ್ಕಾರ ಸಾಮೂಹಿಕವಾಗಿ ಡಿಇಸಿ ಮತ್ತು ಅಲ್ಬೆಂಡಜೋಲ್ ಮಾತ್ರೆಗಳನ್ನು ನುಂಗಿಸುತ್ತದೆ. ಆ ಮಾತ್ರೆಗಳು ರಕ್ತದಲ್ಲಿರುವ ಮರಿಹುಳುಗಳನ್ನು ಅಡಗಿಸುತ್ತವೆಯೇ ಹೊರತು, ಆಗಲೇ ದೊಡ್ಡದಾಗಿರುವ ನೀರುಬಾವನ್ನು ಇಳಿಸುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಪೊರೆಯನ್ನು ಮಗುಚಿ ಹೊಲಿಯುವ ಈ ಚಿಕ್ಕ ಶಸ್ತ್ರಚಿಕಿತ್ಸೆ ಸಾಮಾನ್ಯ ಸರ್ಜನ್ ಮಾಡುವಂಥದ್ದು. ದೊಡ್ಡ ಊರಿನ ಆಸ್ಪತ್ರೆಯನ್ನೇ ಹುಡುಕಬೇಕಿಲ್ಲ. ಸೂಜಿಯಿಂದ ನೀರು ತೆಗೆಸಿದರೆ ಕೆಲವು ವಾರಗಳಲ್ಲಿ ಮತ್ತೆ ತುಂಬುತ್ತದೆ. ಪರೀಕ್ಷೆ ಮಾಡದೆ ಚುಚ್ಚಿದರೆ ಸೋಂಕು ತಗಲಬಹುದು, ಹರ್ನಿಯಾ ಆಗಿದ್ದರೆ ಕರುಳಿಗೆ ತೂತು ಬೀಳಬಹುದು, ಗಡ್ಡೆ ಆಗಿದ್ದರೆ ಅದರ ಕಣಗಳು ಚರ್ಮಕ್ಕೆ ಹರಡಬಹುದು.

ಇತರ ನಿರಪಾಯ ಗಂಟುಗಳು

ವೃಷಣದಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳಗಳು ಹಿಗ್ಗಿ ಸುರುಳಿಯಾಗುವುದನ್ನು ವೆರಿಕೋಸೀಲ್ ಎನ್ನುತ್ತಾರೆ. ಸುಮಾರು ಶೇ. 15ರಷ್ಟು ಪುರುಷರಲ್ಲಿ ಇದಿದೆ. ಮಕ್ಕಳಾಗದ ಪುರುಷರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಎಡಗಡೆಯ ನಾಳ ಮೂತ್ರಪಿಂಡದ ನಾಳಕ್ಕೆ ಲಂಬಕೋನದಲ್ಲಿ ಕೂಡುವುದರಿಂದ ಹರಿವು ತಡೆದು, ಹಿಗ್ಗುವಿಕೆ ಬಹುತೇಕ ಎಡಗಡೆಯೇ. ಕೈಗೆ ಇದು ಎರೆಹುಳುಗಳ ಗೊಂಚಲಿನಂತೆ ಸಿಗುತ್ತದೆ, ಮಲಗಿದಾಗ ಕುಗ್ಗುತ್ತದೆ. ನೋವಿದ್ದರೆ, ವೃಷಣ ಸಣ್ಣದಾಗುತ್ತಿದ್ದರೆ, ವೀರ್ಯಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಚಿಕಿತ್ಸೆ. ಮಲಗಿದರೂ ಕುಗ್ಗದ, ಬಲಗಡೆ ಮಾತ್ರ ಇರುವ ಅಥವಾ ನಡುವಯಸ್ಸಿನ ಮೇಲೆ ಹಠಾತ್ತನೆ ಮೂಡಿದ ವೆರಿಕೋಸೀಲ್ ಇದ್ದರೆ ಮೂತ್ರಪಿಂಡವನ್ನೂ ಸ್ಕ್ಯಾನ್ ಮಾಡಿಸಬೇಕು.

ಎಪಿಡಿಡಿಮಿಸ್‌ನ ನೀರುಗುಳ್ಳೆ ವೃಷಣದ ಮೇಲೆ, ಹಿಂಬದಿಗೆ, ಅದರಿಂದ ಬೇರೆಯಾಗಿ ಸಿಗುತ್ತದೆ. ತೊಂದರೆ ಕೊಡದಿದ್ದರೆ ಅದನ್ನು ಹಾಗೆಯೇ ಬಿಡುವುದು ರೂಢಿ. ಚೀಲದ ಚರ್ಮದಲ್ಲೇ ಮೂಡುವ ಜಿಡ್ಡಿನ ಗುಳ್ಳೆಗಳು ಚರ್ಮದೊಡನೆ ಸರಿಯುತ್ತವೆ, ಕೀವಾಗದಿದ್ದರೆ ಚಿಂತೆಯಿಲ್ಲ. ಆದರೆ ಚರ್ಮದ ಮೇಲೆ ವಾಸಿಯಾಗದ ಹುಣ್ಣು ಬೇರೆಯೇ ಮಾತು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರ ವೃಷಣಚೀಲದ ಹುಣ್ಣು ಮಸಿಯಿಂದಾದ ಕ್ಯಾನ್ಸರ್ ಎಂದು ತೋರಿಸಿದ. ಅಲ್ಲಿಯವರೆಗೆ ಅದನ್ನು ಗುಹ್ಯರೋಗವೆಂದು ತಿಳಿದು ಮದ್ದು ಕೊಡುತ್ತಿದ್ದುದೂ ಉಂಟು. ವೃತ್ತಿಯಿಂದ ಬರುವ ಕ್ಯಾನ್ಸರಿನ ಮೊದಲ ದಾಖಲೆ ಅದು.

ಹರ್ನಿಯಾ ಮಲಗಿದಾಗ ಒಳಹೋಗುವಷ್ಟು ಕಾಲ ಅವಸರವಿಲ್ಲ. ಒಳಹೋಗದೆ ಗಟ್ಟಿಯಾಗಿ ನೋಯುತ್ತ, ವಾಂತಿಯೂ ಸೇರಿದರೆ ಕರುಳು ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಅದೇ ದಿನ ಶಸ್ತ್ರಚಿಕಿತ್ಸೆ ಆಗಬೇಕು.

ಸೋಂಕಿನ ಊತ

ಎಪಿಡಿಡಿಮಿಸ್ ಮತ್ತು ವೃಷಣದ ಸೋಂಕಿನಲ್ಲಿ ನೋವು ಒಂದೆರಡು ದಿನಗಳಲ್ಲಿ ಏರುತ್ತದೆ. ಜ್ವರ, ಉರಿಮೂತ್ರ ಜೊತೆಗಿರಬಹುದು. ಯುವಕರಲ್ಲಿ ಲೈಂಗಿಕವಾಗಿ ಹರಡುವ ಕ್ಲಮೀಡಿಯಾ, ಗೊನೋರಿಯಾ, ವಯಸ್ಸಾದವರಲ್ಲಿ ಮೂತ್ರನಾಳದ ಸೋಂಕಿನ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಂಗನಬಾವು ಪ್ರಾಯಕ್ಕೆ ಬಂದ ಹುಡುಗರಿಗೆ ತಗಲಿದರೆ ಕೆನ್ನೆ ಊದಿದ ಕೆಲವು ದಿನಗಳಲ್ಲಿ ವೃಷಣವೂ ಊದಬಹುದು. ಊತ ಇಳಿದ ಮೇಲೆ ವೃಷಣ ಸಣ್ಣದಾಗುವುದೂ ಉಂಟು. ಕ್ಷಯರೋಗ ಈ ಭಾಗಕ್ಕೆ ಬಂದಾಗ ನೋವು ಕಡಿಮೆ. ಎಪಿಡಿಡಿಮಿಸ್ ಗಟ್ಟಿಯಾಗಿ ಉಬ್ಬುತಗ್ಗಾಗಿರುತ್ತದೆ, ವೀರ್ಯನಾಳದ ಉದ್ದಕ್ಕೂ ಮಣಿಗಳು ಸಿಗುತ್ತವೆ, ಕೊನೆಗೆ ಚೀಲದ ಹಿಂಬದಿಯಲ್ಲಿ ಕೀವು ಸೋರುವ ತೂತು ಬೀಳಬಹುದು. ಕ್ಷಯದ ಮಾತ್ರೆಗಳಿಂದ ಇದು ಗುಣವಾಗುತ್ತದೆ. ಆ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಸಕ್ಕರೆ ಕಾಯಿಲೆಯವರಲ್ಲಿ ಚೀಲದ ಚರ್ಮ ಕೆಂಪಾಗಿ, ನಂತರ ಕಪ್ಪಾಗಿ, ದುರ್ನಾತದೊಡನೆ ಕೊಳೆಯತೊಡಗುವ ಫೂರ್ನಿಯೆ ಗ್ಯಾಂಗ್ರೀನ್ ಪ್ರಾಣಾಂತಿಕ. ಅದರಲ್ಲಿ ಒಂದು ರಾತ್ರಿಯೂ ಕಾಯುವಂತಿಲ್ಲ.

ಸೋಂಕೆಂದು ಕೊಟ್ಟ ಆಂಟಿಬಯಾಟಿಕ್‌ಗೆ ಊತ ಎರಡು ವಾರಗಳಲ್ಲಿ ಇಳಿಯದಿದ್ದರೆ ಮತ್ತೊಂದು ಆಂಟಿಬಯಾಟಿಕ್ ಅಲ್ಲ, ಸ್ಕ್ಯಾನಿಂಗ್ ಬೇಕು. ಗಡ್ಡೆಯನ್ನು ಸೋಂಕೆಂದು ಭಾವಿಸಿ ಮಾತ್ರೆ ಬದಲಿಸುತ್ತ ಕಾಲ ಕಳೆಯುವುದು ವೃಷಣ ಕ್ಯಾನ್ಸರ್ ತಡವಾಗಿ ಪತ್ತೆಯಾಗುವ ದಾರಿಗಳಲ್ಲಿ ಒಂದು.

ತಿರುಚು

ವೃಷಣ ತನ್ನ ಹುರಿಯ ಮೇಲೆ ತಿರುಗಿ ರಕ್ತಸಂಚಾರ ನಿಲ್ಲುವುದೇ ತಿರುಚು. 12ರಿಂದ 18 ವರ್ಷದ ಹುಡುಗರಲ್ಲಿ ಇದು ಹೆಚ್ಚು. ಆಡುವಾಗ ಆಗಬಹುದು, ನಿದ್ದೆಯಲ್ಲಿಯೂ ಆಗಬಹುದು. ನೋವು ಹಠಾತ್ತನೆ ಬರುತ್ತದೆ. ವಾಕರಿಕೆ, ವಾಂತಿ ಇರುತ್ತವೆ. ಆ ಕಡೆಯ ವೃಷಣ ಮೇಲಕ್ಕೇರಿ ಅಡ್ಡಲಾಗಿ ನಿಂತಿರುತ್ತದೆ. ಒಳತೊಡೆಯನ್ನು ಮೆಲ್ಲಗೆ ಸವರಿದಾಗ ವೃಷಣ ಮೇಲಕ್ಕೆ ಸೆಳೆಯಬೇಕಾದ ಸಹಜ ಪ್ರತಿಕ್ರಿಯೆ ಇಲ್ಲವಾಗುತ್ತದೆ. ಮೊದಲ 6 ಗಂಟೆಗಳಲ್ಲಿ ಬಿಡಿಸಿದರೆ ಹತ್ತರಲ್ಲಿ ಒಂಬತ್ತು ವೃಷಣಗಳು ಉಳಿಯುತ್ತವೆ. 12 ಗಂಟೆ ಕಳೆದರೆ ಅರ್ಧದಷ್ಟು. 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಅನುಮಾನ ಬಲವಾಗಿದ್ದರೆ ಸ್ಕ್ಯಾನಿಂಗ್‌ಗೂ ಕಾಯದೆ ಶಸ್ತ್ರಚಿಕಿತ್ಸೆ ಮಾಡಬೇಕು. ಇನ್ನೊಂದು ವೃಷಣವೂ ತಿರುಚುವ ಸಂಭವವಿರುವುದರಿಂದ ಎರಡನ್ನೂ ಹೊಲಿಗೆ ಹಾಕಿ ನಿಲ್ಲಿಸುತ್ತಾರೆ.

ಹುಡುಗರು ನಾಚಿಕೆಯಿಂದ ಹೊಟ್ಟೆನೋವು ಎಂದಷ್ಟೇ ಹೇಳುವುದುಂಟು. ಹದಿವಯಸ್ಸಿನ ಹುಡುಗ ಹಠಾತ್ ಹೊಟ್ಟೆನೋವು, ವಾಂತಿ ಎಂದಾಗ ಚೀಲವನ್ನೂ ನೋಡಬೇಕೆಂಬುದು ಮನೆಯವರಿಗೂ ವೈದ್ಯರಿಗೂ ಸಲ್ಲುವ ನಿಯಮ. ಶುಂಠಿ ಕಷಾಯ, ಬಿಸಿ ಶಾಖ, ನೋವಿನ ಮಾತ್ರೆಗಳಲ್ಲಿ ಕಳೆದುಹೋಗುವ ರಾತ್ರಿಗೆ ಬೆಲೆ ಒಂದು ವೃಷಣ.

ವೃಷಣದ ಕ್ಯಾನ್ಸರ್

ಇದು ಯುವಕರ ಕ್ಯಾನ್ಸರ್. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ವರ್ಷಕ್ಕೆ ಲಕ್ಷ ಪುರುಷರಲ್ಲಿ ಸುಮಾರು 10 ಮಂದಿಗೆ ಬಂದರೆ, ಭಾರತದಲ್ಲಿ ಒಬ್ಬರಿಗೂ ಕಡಿಮೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 74 ಸಾವಿರ ಹೊಸ ಪ್ರಕರಣಗಳೂ 9 ಸಾವಿರದಷ್ಟು ಸಾವುಗಳೂ ಆದವು ಎಂಬುದು ಅಂತರರಾಷ್ಟ್ರೀಯ ಅಂದಾಜು. ಗಡ್ಡೆಗಳಲ್ಲಿ ಶೇ. 95ರಷ್ಟು ವೀರ್ಯಾಣು ಹುಟ್ಟಿಸುವ ಮೂಲಕೋಶಗಳಿಂದ ಬಂದವು. ಅವುಗಳಲ್ಲಿ ನಿಧಾನವಾಗಿ ಬೆಳೆಯುವ ಸೆಮಿನೋಮಾ ಒಂದು ಬಗೆ. ವೇಗವಾಗಿ ಬೆಳೆಯುವ ಸೆಮಿನೋಮಾ ಅಲ್ಲದ ಗಡ್ಡೆಗಳು ಇನ್ನೊಂದು ಬಗೆ. ಎರಡನೆಯ ಬಗೆಯವು 10ರಿಂದ 30 ದಿನಗಳಲ್ಲಿ ಇಮ್ಮಡಿಯಾಗಬಲ್ಲವು. 60 ದಾಟಿದವರಲ್ಲಿ ವೃಷಣದ ಗಡ್ಡೆ ಹೆಚ್ಚಾಗಿ ಲಿಂಫೋಮಾ ಎಂಬ ಬೇರೆ ಬಗೆಯ ಕ್ಯಾನ್ಸರ್.

ಅಪಾಯ ಹೆಚ್ಚಿಸುವ ಕಾರಣಗಳಲ್ಲಿ ಮೊದಲನೆಯದು ಚೀಲಕ್ಕೆ ಇಳಿಯದ ವೃಷಣ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇದಿರುತ್ತದೆ; ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ಆರು ತಿಂಗಳೊಳಗೆ ಇಳಿಯದಿದ್ದರೆ ತಾನಾಗಿ ಇಳಿಯುವ ಸಾಧ್ಯತೆ ಕಡಿಮೆ. ಒಂದರಿಂದ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಂದ ಇಳಿಸಿ ನಿಲ್ಲಿಸಿದರೆ ಸಂತಾನಶಕ್ತಿ ಉಳಿಯುತ್ತದೆ, ಕ್ಯಾನ್ಸರಿನ ಅಪಾಯ ತಗ್ಗುತ್ತದೆ, ಮುಂದೆ ಗಂಟು ಬಂದರೆ ಕೈಗೂ ಸಿಗುತ್ತದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಎರಡೂ ವೃಷಣಗಳು ಚೀಲದಲ್ಲಿವೆಯೇ ಎಂದು ನೋಡುವುದು ಯಾವ ಖರ್ಚೂ ಇಲ್ಲದ ಮುನ್ನೆಚ್ಚರಿಕೆ. ತಂದೆಗೆ ಅಥವಾ ಒಡಹುಟ್ಟಿದ ಸೋದರನಿಗೆ ಈ ಕ್ಯಾನ್ಸರ್ ಬಂದಿರುವುದು, ಮೊದಲೇ ಒಂದು ವೃಷಣಕ್ಕೆ ಬಂದಿರುವುದು ಉಳಿದ ಮುಖ್ಯ ಕಾರಣಗಳು. ಪೆಟ್ಟಿನಿಂದಾಗಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದಾಗಲಿ ಕ್ಯಾನ್ಸರ್ ಬರುವುದಿಲ್ಲ. ಪೆಟ್ಟು ಬಿದ್ದಾಗ ಮುಟ್ಟಿ ನೋಡಿಕೊಂಡದ್ದರಿಂದ ಮೊದಲೇ ಇದ್ದ ಗಡ್ಡೆ ಗೊತ್ತಾಗುವುದುಂಟು, ಅಷ್ಟೆ.

ಲಕ್ಷಣಗಳು ಸೌಮ್ಯ. ವೃಷಣದಲ್ಲಿ ಗಟ್ಟಿ ಗಂಟು, ಇಲ್ಲವೇ ಇಡೀ ವೃಷಣ ದಪ್ಪಗಾಗಿ ಭಾರವೆನಿಸುವುದು ಸಾಮಾನ್ಯ. ಹತ್ತರಲ್ಲಿ ಒಬ್ಬರಿಗೆ ಮಾತ್ರ ತೀವ್ರ ನೋವು. ಕೆಲವರಿಗೆ ಎದೆ ಉಬ್ಬುತ್ತದೆ. ಗಡ್ಡೆ ಸ್ರವಿಸುವ ಹಾರ್ಮೋನು ಅದಕ್ಕೆ ಕಾರಣ. ಹರಡಿದ ಮೇಲೆ ಬೆನ್ನುನೋವು, ಕೆಮ್ಮು, ಕತ್ತಿನ ಎಡಬದಿಯಲ್ಲಿ ಗಂಟು ಕಾಣಬಹುದು.

ಪರೀಕ್ಷೆ ಮತ್ತು ಚಿಕಿತ್ಸೆ

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ವೃಷಣದೊಳಗಿನ ಗಡ್ಡೆಯನ್ನು ಬಹುಮಟ್ಟಿಗೆ ತಪ್ಪದೆ ಹಿಡಿಯುತ್ತದೆ. ಅದರಲ್ಲಿ ನೋವಿಲ್ಲ, ವಿಕಿರಣವೂ ಇಲ್ಲ. ನಂತರ ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ಸೂಚಕಗಳನ್ನು ಅಳೆಯುತ್ತಾರೆ. ಶುದ್ಧ ಸೆಮಿನೋಮಾದಲ್ಲಿ ಎಎಫ್‌ಪಿ ಏರುವುದಿಲ್ಲ; ಏರಿದ್ದರೆ ಬೇರೆ ಬಗೆಯ ಗಡ್ಡೆಯೂ ಬೆರೆತಿದೆ ಎಂದರ್ಥ. ಬೇರೆ ಅಂಗಗಳ ಗಡ್ಡೆಗೆ ಮಾಡುವಂತೆ ಇಲ್ಲಿ ಸೂಜಿ ಚುಚ್ಚಿ ತುಣುಕು ತೆಗೆಯುವುದಿಲ್ಲ, ಚೀಲವನ್ನೂ ಕೊಯ್ಯುವುದಿಲ್ಲ. ತೊಡೆಸಂದಿನಲ್ಲಿ ಕೊಯ್ದು ವೃಷಣವನ್ನು ಹುರಿಯ ಸಮೇತ ಮೇಲಿನಿಂದ ತೆಗೆಯುತ್ತಾರೆ. ಚೀಲದ ಚರ್ಮದ ದುಗ್ಧನಾಳಗಳು ತೊಡೆಸಂದಿಗೆ ಹೋಗುವುದರಿಂದ, ಅಲ್ಲಿ ಕೊಯ್ದರೆ ಕ್ಯಾನ್ಸರಿಗೆ ಹೊಸ ದಾರಿ ತೆರೆದಂತಾಗುತ್ತದೆ. ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ಗಂಡಸುತನಕ್ಕೂ ಮಕ್ಕಳಾಗುವುದಕ್ಕೂ ಸಾಕು. ಕೀಮೋಥೆರಪಿಗೆ ಮುಂಚೆ ವೀರ್ಯವನ್ನು ಶೈತ್ಯೀಕರಿಸಿ ಇಡುವ ಅವಕಾಶವಿದೆ. ಅದನ್ನು ಮೊದಲೇ ಕೇಳಿ ತಿಳಿಯಬೇಕು.

1970ರ ದಶಕದವರೆಗೆ, ಹರಡಿದ ವೃಷಣ ಕ್ಯಾನ್ಸರ್‌ನಿಂದ ಬದುಕಿದವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್, ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪ್ರಭಾವ ನೋಡುತ್ತಿದ್ದಾಗ, ಪ್ಲಾಟಿನಂ ಕಡ್ಡಿಗಳಿಂದ ಬಿಡುಗಡೆಯಾದ ವಸ್ತು ಕೋಶಗಳ ವಿಭಜನೆಯನ್ನು ತಡೆಯುತ್ತದೆಂದು ಕಂಡುಕೊಂಡ. ಅದರಿಂದ ಬಂದ ಸಿಸ್ಪ್ಲಾಟಿನ್ ಔಷಧವನ್ನು 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ ಬೇರೆ ಎರಡು ಔಷಧಗಳ ಜೊತೆ ಪ್ರಯೋಗಿಸಿದರು. ಹರಡಿದ ರೋಗವೂ ಗುಣವಾಗತೊಡಗಿತು. ಇಂದು ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್ಪ್ಲಾಟಿನ್ ಕೂಡಿದ ಚಿಕಿತ್ಸೆ ರೂಢಿಯಲ್ಲಿದೆ. ವೃಷಣಕ್ಕೇ ಸೀಮಿತವಾಗಿರುವಾಗ ಸಿಕ್ಕ ಕ್ಯಾನ್ಸರ್ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿಯಲ್ಲಿ ವಾಸಿಯಾಗುತ್ತದೆ. ಅವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯ ನಂತರ ನಿಯಮಿತ ತಪಾಸಣೆಯ ಹೊರತು ಬೇರೇನೂ ಬೇಕಾಗುವುದಿಲ್ಲ. ಕ್ರಿಕೆಟಿಗ ಯುವರಾಜ್ ಸಿಂಗ್ ಅವರ ಎದೆಗೂಡಿನಲ್ಲಿ ಬಂದದ್ದೂ ಇದೇ ಮೂಲಕೋಶಗಳ ಸೆಮಿನೋಮಾ. ಅವರು 2012ರಲ್ಲಿ ಐನ್‌ಹಾರ್ನ್ ಅವರ ಬಳಿಯೇ ಚಿಕಿತ್ಸೆ ಪಡೆದು ಅದೇ ವರ್ಷ ಮೈದಾನಕ್ಕೆ ಮರಳಿದರು. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇರುವುದರಿಂದ ಈ ಚಿಕಿತ್ಸೆಗೆ ಹೊರರಾಜ್ಯ, ಹೊರದೇಶ ಹುಡುಕಬೇಕಿಲ್ಲ.

ತಾನೇ ನೋಡಿಕೊಳ್ಳುವುದು

ರೋಗಲಕ್ಷಣವಿಲ್ಲದ ಎಲ್ಲ ಪುರುಷರೂ ಪ್ರತಿ ತಿಂಗಳು ಪರೀಕ್ಷಿಸಿಕೊಳ್ಳಬೇಕೆಂದು ಎಲ್ಲ ತಜ್ಞರೂ ಹೇಳುವುದಿಲ್ಲ. ಅಮೆರಿಕದ ರೋಗತಡೆ ಸಲಹಾ ಮಂಡಳಿ 2011ರಲ್ಲಿ ಅಂಥ ಸಾಮೂಹಿಕ ತಪಾಸಣೆ ಬೇಡವೆಂದಿತು. ಆದರೆ ತನ್ನ ಮೈಯ ಸಹಜ ಸ್ಥಿತಿ ತನಗೆ ಗೊತ್ತಿದ್ದರೆ ಬದಲಾವಣೆ ಬೇಗ ತಿಳಿಯುತ್ತದೆ. ಇಳಿಯದ ವೃಷಣದ ಇತಿಹಾಸವುಳ್ಳವರು, ಕುಟುಂಬದಲ್ಲಿ ರೋಗವಿದ್ದವರು ಆಗಾಗ ನೋಡಿಕೊಳ್ಳುವುದು ಒಳ್ಳೆಯದು. ಬಿಸಿನೀರಿನ ಸ್ನಾನದ ನಂತರ ಚರ್ಮ ಸಡಿಲವಾಗಿರುವಾಗ, ಒಂದೊಂದೇ ವೃಷಣವನ್ನು ಎರಡೂ ಕೈಗಳ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಹಿಂಬದಿಯ ಮೆತ್ತನೆಯ ಪಟ್ಟಿಯನ್ನು ಗುರುತಿಸಿಕೊಂಡು, ಉಳಿದ ಮೈಯೆಲ್ಲ ನಯವಾಗಿದೆಯೇ ಎಂದು ನೋಡಬೇಕು. ಒಂದು ನಿಮಿಷವೂ ಹಿಡಿಯದ ಕೆಲಸ.

ವೈದ್ಯರನ್ನು ಕಾಣಬೇಕಾದ ಹೊತ್ತು

ಹಠಾತ್ ತೀವ್ರ ನೋವು, ವಾಂತಿಯೊಡನೆ ನೋವು, ಒಳಹೋಗದ ಹರ್ನಿಯಾ, ಪೆಟ್ಟಿನ ನಂತರ ಏರುತ್ತಿರುವ ಊತ, ಜ್ವರದೊಡನೆ ಚರ್ಮ ಕಪ್ಪಾಗುವುದು ಇವು ಕಂಡರೆ ಹಗಲಾಗಲಿ ರಾತ್ರಿಯಾಗಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಜ್ವರ ಮತ್ತು ನಿಧಾನವಾಗಿ ಏರುವ ನೋವಿದ್ದರೆ ಅದೇ ದಿನ ಅಥವಾ ಮರುದಿನ ವೈದ್ಯರನ್ನು ಕಾಣಬೇಕು. ನೋವಿಲ್ಲದ ಹೊಸ ಗಂಟು, ಗಟ್ಟಿಯಾದ ಅಥವಾ ದಪ್ಪವಾಗುತ್ತಿರುವ ವೃಷಣ, ಹೊಸದಾಗಿ ತುಂಬಿದ ನೀರು, ಮಲಗಿದರೂ ಕುಗ್ಗದ ರಕ್ತನಾಳ ಇದ್ದರೆ ಒಂದು ವಾರದೊಳಗೆ ತಪಾಸಣೆ ಆಗಬೇಕು. ಆರು ತಿಂಗಳಾದರೂ ಮಗುವಿನ ವೃಷಣ ಇಳಿಯದಿದ್ದರೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು.

ಈ ಭಾಗದ ರೋಗವನ್ನು ತಾಯಿ, ಹೆಂಡತಿ, ಗೆಳೆಯ ಯಾರ ಬಳಿಯೂ ಹೇಳಿಕೊಳ್ಳದ ರೂಢಿ ಇನ್ನೂ ಗಟ್ಟಿಯಾಗಿದೆ. ಆ ಮೌನವೇ ತಡಕ್ಕೆ ದೊಡ್ಡ ಕಾರಣ. ಶಾಲೆಗಳ ಆರೋಗ್ಯ ಪಾಠದಲ್ಲಿ, ಗರಡಿಮನೆ ಮತ್ತು ಆಟದ ಮೈದಾನಗಳಲ್ಲಿ, ಮನೆಯ ಹಿರಿಯರ ಮಾತಿನಲ್ಲಿ ಈ ವಿಷಯ ಹಲ್ಲುನೋವಿನಷ್ಟೇ ಸಹಜವಾಗಿ ಬರಬೇಕು. ಬಹುಪಾಲು ಗಂಟುಗಳು ನಿರಪಾಯ. ಅಪಾಯದವೂ ಬೇಗ ತೋರಿಸಿದರೆ ವಾಸಿಯಾಗುತ್ತವೆ. ಹಾಗಿರುವಾಗ ನಾಚಿಕೆಗೆ ಅಂಗವನ್ನಾಗಲಿ ಪ್ರಾಣವನ್ನಾಗಲಿ ತೆರಲು ಕಾರಣವಿಲ್ಲ. ಗಂಟು ಕಂಡವರು ಅದಕ್ಕೆ ತಾವೇ ಹೆಸರಿಡದೆ, ಈ ವಾರವೇ ವೈದ್ಯರಿಗೆ ತೋರಿಸಲಿ.